ಹೆಸರು ಕೊರೆದ ಡಬ್ಬಿ

ದರ್ಶನ ಕೆಲಸಕ್ಕಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿದ ಮೇಲೆ ಅವನ ಹೆಂಡತಿ ಸೌಜನ್ಯ ಮನೆಯ ಸಾಮಾನುಗಳನ್ನು ಒಂದೊಂದಾಗಿ ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟಳು. ಸೋಫಾ ಹೋಯಿತು, ಟೀವಿ ಹೋಯಿತು, ಆದರೂ ಬಾಡಿಗೆಗೆ ಸಾಲಲಿಲ್ಲ. ಕೊನೆಗೆ ಅಡುಗೆಮನೆಯ ಸ್ಟೀಲ್ ಪಾತ್ರೆಗಳ ಫೋಟೋ ಹಾಕಿದಳು. ಅಮೆರಿಕದ ಆ ಮಾನ್ಮತ್ ಜಂಕ್ಷನ್ ಊರಿನ ಕನ್ನಡದವರ ಕಿವಿಗೆ ಬಿದ್ದರೆ ಇದ್ದ ಮಾನವೂ ಹೋದೀತೆಂದು ಹೆಸರನ್ನು ಮಾತ್ರ ‘ಸ್ಯಾಂಡಿ’ ಎಂದು ಕೊಟ್ಟಿದ್ದಳು.

ಮರುದಿನ ಮಧ್ಯಾಹ್ನ, ಪಾತ್ರೆ ನೋಡಲು ಬರುತ್ತೇನೆಂದು ಈಮೇಲ್ ಮಾಡಿದ್ದವರು ಬಾಗಿಲು ತಟ್ಟಿದರು. ತೆರೆದರೆ, ಪಕ್ಕದ ಬೀದಿಯ ಶಿವಲಿಂಗಮ್ಮ ಆಂಟಿ!

“ಸ್ಯಾಂಡಿಯಂತೆ ಸ್ಯಾಂಡಿ!” ಆಂಟಿ ನೇರ ಅಡುಗೆಮನೆಗೆ ನುಗ್ಗಿ ಅಕ್ಕಿ ಡಬ್ಬಿಯನ್ನು ಎತ್ತಿ ಹಿಡಿದರು. “ನೀವಿಲ್ಲಿ ಸಂಸಾರ ಹೂಡಿದಾಗ ನಾನೇ ಮೈಸೂರಿಂದ ತಂದುಕೊಟ್ಟಿದ್ದಲ್ವೇನೇ ಇದು? ಫೋಟೋದಲ್ಲಿ ನಮ್ಮಿಬ್ರ ಹೆಸರೂ ಎದ್ದು ಕಾಣ್ತಿದೆ!”

ಡಬ್ಬಿಯ ಹೊಟ್ಟೆಯ ಮೇಲೆ ‘ಪುಟ್ಟಸ್ವಾಮಿ–ಶಿವಲಿಂಗಮ್ಮ’ ಎಂದು ಕೊರೆಸಿದ್ದ ಅಕ್ಷರಗಳು ಫಳಫಳ ಹೊಳೆಯುತ್ತಿದ್ದವು. ತನ್ನ ಹೆಸರನ್ನು ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಮಂಕು ಸೌಜನ್ಯ, ಉಡುಗೊರೆ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುತ್ತದೆ ಎಂಬುದನ್ನೇ ಮರೆತಿದ್ದಳು.

“ತಪ್ಪಾಯ್ತು ಆಂಟಿ. ಯಾರಿಗೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಸೌಜನ್ಯ ಬಿಕ್ಕಿದಳು.

ಆಂಟಿ ಡಬ್ಬಿಯನ್ನು ತಬ್ಬಿಕೊಂಡು ಬರೀ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಬ್ಯಾಗಿನಿಂದ ಕ್ಯಾಮೆರಾ ತೆಗೆದು ಅವಳ ಮುಂದೆ ಚಾಚಿದರು.

“ಯಾರಿಗೆ ಹೇಳ್ಲೇ? ಅಂಕಲ್‌ಗೂ ಕೆಲಸ ಹೋಗಿ ಎರಡು ತಿಂಗಳಾಯ್ತು. ನಮ್ಮನೆ ಪಾತ್ರೇನೂ ಹಾಕ್ಬೇಕು. ಹೆಸರು ಕಾಣದ ಹಾಗೆ ಫೋಟೋ ತೆಗೆದುಕೊಡು ಬಾ.”