ಹಸಿ ಬಿದಿರು ಸಿಗದ ದಿನ

ದೊಡ್ಡಮಾದ ಹೆಗಲ ಮೇಲಿದ್ದ ಎರಡು ಬಿದಿರ ಗಳುಗಳನ್ನು ಅಂಗಳಕ್ಕೆ ಎಸೆದ. ಒಂದು ಬಿದ್ದ ಪೆಟ್ಟಿಗೇ ಸೀಳಿಹೋಯಿತು. ಇನ್ನೊಂದನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದ. ಅದು ಹಪ್ಪಳದ ಹಾಗೆ ಪುಡಿಯಾಯಿತು.

“ಬೆಳಗಿಂದ ಕಾಡೆಲ್ಲ ಸುತ್ಬುಟ್ಟೆ ಕಣವ್ವ,” ಎಂದ, ಬಾಗಿಲಲ್ಲಿ ನಿಂತಿದ್ದ ತಂಗಿಯ ಮಗಳು ಮಂಗಳಳಿಗೆ. “ಇದ್ದ ಒಂದ್ ಮೆಳೆನೂ ಈ ವರ್ಸ ಊವಾಗಿ ಒಣ್ಗೋಗದೆ. ಅಸಿ ಬಿದ್ರು ಅನ್ನಾದು ಒಂದ್ ಗಳನೂ ಸಿಕ್ನಿಲ್ಲ.”

ಒಳಗೆ ಚಾಪೆಯ ಮೇಲೆ ಅವನ ತಂಗಿ ಕೇತಮ್ಮ ಮಲಗಿದ್ದಳು. ಕೋಳಿ ಕೂಗುವ ಹೊತ್ತಿಗೆ ಎದ್ದು ಒಲೆ ಹೊತ್ತಿಸಿ, ಯಾಕೋ ಎದೆ ಹಿಡಿಯುತ್ತದೆ ಎಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ಹೆಂಗಸು, ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ಹೊರಟೇಹೋಗಿದ್ದಳು.

ಹಾಸನೂರಿನಿಂದ ಮೇಲೆ, ಕಾಡಿನಂಚಿನ ಆ ಪುಟ್ಟ ಹಾಡಿಯಲ್ಲಿ, ಅವರ ಪೋಡಿನಲ್ಲಿ, ಹುಟ್ಟಿದ ಮಗುವಿನ ಹೊಕ್ಕುಳು ಕುಯ್ಯುವುದು ಬಿದಿರ ಸಿಬರಿನಿಂದ. ಮಲಗಿಸುವುದು ಬಿದಿರ ತೊಟ್ಟಿಲಲ್ಲಿ. ಸತ್ತವರು ಹೋಗುವುದು ಅವತ್ತೇ ಕಡಿದ ಹಸಿ ಬಿದಿರ ಚಟ್ಟದ ಮೇಲೆ, ಅದೂ ಹೊತ್ತು ಮುಳುಗುವ ಮೊದಲು. ಹಾಗೆ ಹೋದವರನ್ನೇ ಅಲ್ಲಿನ ಹಿರಿಯರು ಗುರುತು ಹಿಡಿದು ಕರೆದುಕೊಳ್ಳುತ್ತಾರೆ ಎಂಬುದು ನಂಬಿಕೆ. ಕುಲದ ಯಜಮಾನ ದೊಡ್ಡಮಾದ. ಅವನು ಆಗಲ್ಲ ಎಂದರೆ ಹೆಣ ಏಳುವುದಿಲ್ಲ.

ಅಂಗಳದ ಮೂಲೆಯಲ್ಲಿ ನಿಂತಿದ್ದ ಶಿವಶಂಕರ ಮುಂದೆ ಬಂದ. ಕೊಯಮತ್ತೂರಿನ ಅಂಗಡಿಯವನು, ಈ ಪೋಡಿನ ಹೆಂಗಸರು ಲಂಟಾನದ ಕಡ್ಡಿಯಲ್ಲಿ ಮಾಡಿದ ಕುರ್ಚಿ, ಮಂಚ, ಉಯ್ಯಾಲೆಗಳನ್ನೆಲ್ಲ ಕೊಂಡು ಮಾರುವವನು. ಇವತ್ತು ಸರಕು ತುಂಬಿಕೊಳ್ಳಲು ವ್ಯಾನಿನಲ್ಲಿ ಬಂದವನಿಗೆ ಸಾವಿನ ಸುದ್ದಿ ಎದುರಾಗಿತ್ತು.

“ಅಯ್ಯಾ, ನನ್ ವಂಡಿ ಇದೆ. ಅಮ್ಮನ್ನ ಅದ್ರಲ್ಲೇ ಕರ್ಕೊಂಡ್ ಹೋಗೋಣ. ಇಲ್ಲ, ಸತ್ಯಮಂಗಲದ ಡಿಪೋದಿಂದ ಬಿದಿರು ತರ್ಸ್ತೀನಿ.”

“ಡಿಪೋ ಬಿದ್ರು ಕುಯ್ದು ಯಾವ್ ಕಾಲ ಆಗದೋ,” ಎಂದ ದೊಡ್ಡಮಾದ. “ನಿನ್ ವಂಡಿ ಕಬ್ಬುಣದ್ದು. ಕಬ್ಬುಣದ್ ಮ್ಯಾಲೆ ಮಲಗಿದ್ ಜೀವ ಮಣ್ಗೆ ಇಳಿಯಾಕಿಲ್ಲ ಕಣಪ್ಪ. ಸುಮ್ಕಿರು.”

ಮಂಗಳ ಅಳುತ್ತಿರಲಿಲ್ಲ. ಅಳು ಮಧ್ಯಾಹ್ನದ ಹೊತ್ತಿಗೇ ಮುಗಿದುಹೋಗಿತ್ತು. ಈಗ ಅವಳಿಗೆ ಇದ್ದದ್ದು ಒಂದೇ ಭಯ: ಅವ್ವ ಎಲ್ಲಿ ಹೊರಗಿನವಳಾಗಿಬಿಡುತ್ತಾಳೋ ಎಂಬುದು.

“ಮಾವ,” ಎಂದಳು, “ಲಂಟಾನದಲ್ಲಿ ಕಟ್ತೀವಿ.”

ದೊಡ್ಡಮಾದ ತಟ್ಟನೆ ಅವಳ ಕಡೆ ತಿರುಗಿದ.

“ಏನಂದೆ?”

“ಇವತ್ ಕುಯ್ದ ಅಸಿ ಗಿಡನೇ ತರ್ತೀವಿ. ಈ ಕಾಡಲ್ ಬೆಳ್ದದ್ದೇಯ.”

“ಅದು ನಮ್ ಕಾಡ್ ಗಿಡ ಅಲ್ಲ ಕಣೆ!” ದೊಡ್ಡಮಾದನ ದನಿ ಏರಿತು. “ಪರದೇಸಿ ಮುಂಡೇದು. ನಮ್ ಗೆಡ್ಡೆ ಗೆಣಸ್ನೆಲ್ಲಾ ತಿಂತು. ಜಿಂಕೆ ಉಲ್ಲ ತಿಂತು. ಬಿದ್ರು ಮೊಳಕೆನೂ ಮ್ಯಾಕ್ ಏಳಾಕ್ ಬುಡ್ನಿಲ್ಲ. ನಮ್ ಇರೀಕರ್ಗೆ ಅದ್ರ ಮೊಕನೇ ಗೊತ್ತಿಲ್ಲ. ಅದ್ರ್ ಮ್ಯಾಲೆ ಮಲಿಕ್ಕಂಡ್ ಓದ್ರೆ, ‘ಯಾರವ್ವ ನೀನು’ ಅಂತ ಕೇಳ್ತರೆ!”

“ಕೇಳ್ಲಿ ಬುಡು ಮಾವ. ಅವ್ವನೇ ಉತ್ರ ಏಳ್ತಾಳೆ. ಅವಳ್ಗೇನ್ ಬಾಯಿಲ್ವಾ?”

ತಂಗಿಯ ಬಾಯಿಗೆ ದೊಡ್ಡಮಾದನೂ ಸಾಕಷ್ಟು ಸಲ ಸಿಕ್ಕಿದ್ದವನೇ. ಬಿಸಿಲ ಕಡೆ ನೋಡಿದ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು.

“ಒಂದು ಮೊಳೆನೂ ಇರ್ಬಾರ್ದು,” ಎಂದ ಕೊನೆಗೆ. “ದಾರೀಲಿ ಒಂದ್ ಕಡ್ಡಿ ಲಟಕ್ ಅಂದ್ರೂ ಅಲ್ಲೇ ಇಳಿಸ್ಬುಡ್ತೀನಿ. ಒಂಟಿಯಾಗಿ ನನ್ ಎಗಲ್ ಮ್ಯಾಲೆ ಒತ್ಕಂಡ್ ಓಯ್ತೀನಿ. ಎಣ ಕೆಳಗ್ ಬಿದ್ದದ್ದೇ ಆದ್ರೆ, ಅವಳ ಎಸ್ರು ನಮ್ ಕುಲ್ದಲ್ಲಿ ಯಾರೂ ಎತ್ತಂಗಿಲ್ಲ. ತಿಳ್ಕೊ.”

*

ಕೇತಮ್ಮ ಮೊದಲು ಬುಟ್ಟಿ ಹೆಣೆಯುತ್ತಿದ್ದಳು. ತಾಳವಾಡಿಯ ಟೊಮೆಟೊ ಎಲ್ಲಿಗೇ ಹೋಗಲಿ, ಅವಳಂಥವರು ಹೆಣೆದ ಬಿದಿರ ಮಂಕರಿಯಲ್ಲೇ ಹೋಗಬೇಕಿತ್ತು. ಒಂದು ಸುಗ್ಗಿಯಲ್ಲಿ ಮಂಡಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಕ್ರೇಟು ಬಂದವು. ಒಂದರ ಮೇಲೊಂದು ಪೇರಿಸಿದರೂ ಹಣ್ಣು ನಜ್ಜಾಗದು, ತೊಳೆದರೆ ಮತ್ತೆ ಹೊಸತು. ಕೇತಮ್ಮ ತಲೆಯ ಮೇಲೆ ಹೊತ್ತು ತಂದ ಮಂಕರಿಗಳನ್ನು ಮಂಡಿಯವನು ತಿರುಗಿಯೂ ನೋಡಲಿಲ್ಲ. ದೇಶ ಮುಂದೆ ಹೋಗುತ್ತಿತ್ತು ನೋಡಿ. ಹೋಗುವಾಗ ಅವಳ ಕಾಲನ್ನೇ ತುಳಿದುಕೊಂಡು ಹೋಯಿತು.

ಆಮೇಲೆ ಕೂಲಿ. ಕಾಡೊಳಗೆ ಲಂಟಾನ ಕೀಳುವ ಕೂಲಿ. ಕೈಯೆಲ್ಲ ಮುಳ್ಳು, ಮೈಯೆಲ್ಲ ತುರಿ. ಕಿತ್ತಷ್ಟೂ ಮಳೆ ಬಿದ್ದ ಮೇಲೆ ಮತ್ತೆ ಬರುವ ಗಿಡ.

ಒಂದು ದಿನ ಮನೆಯ ಹಿಂದೆ ಅಂಡೆಯಲ್ಲಿ ಸೋಡಾ ಹಾಕಿ ಬಟ್ಟೆ ಬೇಯಿಸುತ್ತಿದ್ದಳು. ಮಗುಚಲು ಕೈಗೆ ಸಿಕ್ಕ ಲಂಟಾನದ ಕೋಲು ಅದರಲ್ಲೇ ಇತ್ತು. ರಾಗಿ ಹೊಲಕ್ಕೆ ಆನೆ ಬಿತ್ತು ಎಂದು ಕೂಗು ಬಂತು. ಕೋಲನ್ನು ಅಲ್ಲೇ ಬಿಟ್ಟು ತಮಟೆ ಹಿಡಿದು ಓಡಿದಳು. ಆನೆಯನ್ನು ಅಟ್ಟಿ ಬರುವಷ್ಟರಲ್ಲಿ ಬಟ್ಟೆಗಳೆಲ್ಲ ಬೆಂದು ಬಣ್ಣ ಬಿಟ್ಟಿದ್ದವು. ಆಗಿನ್ನೂ ಬದುಕಿದ್ದ ಗಂಡನ ಒಳ್ಳೆಯ ಅಂಗಿ ಹೋಗಿಯೇ ಹೋಯಿತು. ತನ್ನನ್ನು ತಾನೇ ಬೈದುಕೊಳ್ಳುತ್ತ ಕೋಲು ಎಳೆದರೆ ಸಿಪ್ಪೆ ಪೂರ್ತಿ ಅಂಡೆಯಲ್ಲೇ ಉಳಿದು, ಬೆಳ್ಳಗೆ ನುಣ್ಣಗೆ ಒಂದು ಕಡ್ಡಿ ಕೈಗೆ ಬಂತು. ಸಿಟ್ಟಿನಲ್ಲಿ ಅದನ್ನು ಮುರಿಯಲು ಹೋದಳು. ಮುರಿಯಲಿಲ್ಲ. ಹಗ್ಗದ ಹಾಗೆ ಬಗ್ಗಿತು. ಎರಡೂ ತುದಿ ಸೇರಿಸಿ ಬಳೆ ಮಾಡಿದಳು, ಬಿಟ್ಟಳು, ಮತ್ತೆ ಮಾಡಿದಳು.

“ಅವ್ವಾ, ಅಂಗಿ!” ಎಂದು ಪುಟ್ಟ ಮಂಗಳ ಕೂಗಿದಳು.

“ಅಂಗಿ ಆಳಾಗೋಗ್ಲಿ, ಬಾ ಮಗ, ಇಲ್ನೋಡು,” ಎಂದಳು ಕೇತಮ್ಮ. ಅವತ್ತು ಅವಳ ಮುಖ ಹೇಗಿತ್ತು ಎಂಬುದನ್ನು ಮಂಗಳ ಇವತ್ತಿಗೂ ಮರೆತಿಲ್ಲ.

*

ಇತ್ತ, ಕುರ್ಚಿ ಮಾಡುವ ಕೊಟ್ಟಿಗೆಯಲ್ಲಿ ಅಂಡೆಗಳು ಕುದಿಯತೊಡಗಿದವು. ಕೇತಮ್ಮನ ಜೊತೆ ಮೊದಲಿನಿಂದ ಕೆಲಸ ಮಾಡಿದ ನಾಗಮ್ಮ ಬೆಂಕಿ ಮುಂದೆ ಮಾಡುತ್ತ, ಮೂಗು ಒರೆಸಿಕೊಳ್ಳುತ್ತ, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು.

“ಗಿಡ ಸಾಲಾಕಿಲ್ಲ ಕಣೆ ಮಂಗ್ಳಾ. ಗಳು ಉದ್ದ ಬೇಕು. ಕಂತೆ ಕಂತೆ ಸೇರ್ಸಿ ಸುತ್ಬೇಕು. ಎಲ್ಲಿಂದ ತರಾದು ಇಷ್ಟೊತ್ನಲ್ಲಿ?”

ಮಾತು ಮುಗಿದಿರಲಿಲ್ಲ, ದಾರಿಯ ತಿರುವಿನಲ್ಲಿ ಜನ ಕಾಣಿಸಿದರು. ಬೇರೆ ಪೋಡುಗಳ ಹೆಂಗಸರು. ಕೇತಮ್ಮನಿಂದ ಈ ಕೆಲಸ ಕಲಿತು ತಮ್ಮ ತಮ್ಮ ಪೋಡಿನಲ್ಲೂ ಕೊಟ್ಟಿಗೆ ಹಾಕಿಕೊಂಡವರು. ಬಿದಿರು ಸಿಗಲಿಲ್ಲವಂತೆ ಎಂಬ ಸುದ್ದಿ ಫೋನಿನಲ್ಲಿ ಅವರಿಗೆ ತಲುಪಿತ್ತು. ಒಬ್ಬಳ ಕೈಯಲ್ಲೂ ಹೂವಿನ ಹಾರ ಇರಲಿಲ್ಲ. ಎಲ್ಲರ ತಲೆಯ ಮೇಲೂ ಆಗತಾನೆ ಕಡಿದ ಲಂಟಾನದ ಹೊರೆ. ಸಾಲು ಮುಗಿಯಿತು ಎನ್ನುವಷ್ಟರಲ್ಲಿ ತಿರುವಿನಿಂದ ಮತ್ತೂ ಜನ ಬರುತ್ತಿದ್ದರು. ಹೊರೆಯ ಎಲೆಗಳಿಂದ ಮುಖಗಳು ಮುಚ್ಚಿ, ಕಾಡೇ ಎದ್ದು ಮಣ್ಣಿಗೆ ಬಂದಂತಿತ್ತು.

ದೊಡ್ಡಮಾದ ಎದ್ದು ನಿಂತ. “ಇಷ್ಟೊಂದ್ ಜನವಾ?” ಎಂದ. ತಂಗಿ ಮನೆ ಮನೆ ಸುತ್ತಿ ಏನೋ ಕಡ್ಡಿ ಬಗ್ಗಿಸುವುದು ಕಲಿಸುತ್ತಾಳೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಅದನ್ನು ಅವನು ಹುಚ್ಚು ಎಂದೇ ಕರೆಯುತ್ತಿದ್ದ.

ಕೆಲಸ ಏರುತ್ತ ಹೋಯಿತು. ಬೆಂದ ಕಡ್ಡಿ ಎಳೆಯುವುದು, ಸಿಪ್ಪೆ ಸುಲಿಯುವುದು, ಬಿಸಿ ಆರುವ ಮೊದಲೇ ಸುತ್ತುವುದು. ಎಷ್ಟೋ ವರ್ಷದಿಂದ ಇವರ ಕುರ್ಚಿ ಮಾರಿದ್ದರೂ ಶಿವಶಂಕರ ಮಾಡುವುದನ್ನು ಒಮ್ಮೆಯೂ ಕೂತು ನೋಡಿರಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಸಿಪ್ಪೆ ಸುಲಿಯಲು ಕೂತ. ಬೆರಳು ಸುಟ್ಟುಕೊಂಡು “ಅಯ್ಯಯ್ಯೋ!” ಎಂದ.

“ಊದ್ಕೊಳಿ ಸಾಮಿ,” ಎಂದಳು ನಾಗಮ್ಮ. “ನಮ್ಗೆಲ್ಲಾ ಆಗಿ ಆಗಿ ಕೈ ಸತ್ತೋಗದೆ.”

ಕಷ್ಟ ಬಂದದ್ದು ಮೊಳೆಯಲ್ಲಿ. ಈಗ ಎಲ್ಲರೂ ಮೊಳೆ ಹೊಡೆದೇ ಕುರ್ಚಿ ಮಾಡುವುದು. ಬರೀ ಕಡ್ಡಿಯಿಂದಲೇ ಬಿಗಿಯುವುದು ಯಾರಿಗೂ ರೂಢಿಯಿಲ್ಲ. ಮಂಗಳ ಸಿಬರು ಸೀಳಿ ಸುತ್ತಿದಳು, ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಅವಳ ಕಣ್ಣು ತುಂಬಿ ಬಂತು. ಅವ್ವನನ್ನು ಕೂಗಿ ಕೇಳಬೇಕು ಅನ್ನಿಸಿತು. ಕೇಳಲು ಹತ್ತಿರವೇ ಇದ್ದಾಳಲ್ಲ, ಗೋಡೆಯ ಆಚೆ!

“ಮಂಕರಿ ಬಾಯಿ ಕಟ್ಟಂಗೆ ಕಟ್ಟೆ,” ಎಂದಳು ನಾಗಮ್ಮ ಮೆಲ್ಲಗೆ. “ನಿಮ್ಮವ್ವ ಬುಟ್ಟಿ ಎಣಿತಿದ್ದೋಳು ಅಲ್ವಾ. ಒಳಕ್ಕೆ ಒಂದ್ ಸುತ್ತು, ಒರಕ್ಕೆ ಒಂದ್ ಸುತ್ತು, ಬಾಲ ಒಳೀಕೆ. ಬಿಸೀಲೇ ಬಿಗಿ. ಆರ್ದಂಗೆಲ್ಲ ಅದೇ ಇಡ್ಕತದೆ.”

ಈ ಸಲ ಜಾರಲಿಲ್ಲ.

*

ಘಾಟಿಯ ಮೇಲಿನ ದಿಂಬದಲ್ಲಿ ಟೀ ಅಂಗಡಿ ಇಟ್ಟಿದ್ದ ಚಂದ್ರು ಕಲ್ಲಿನ ಮೇಲೆ ಕೂತು, ಬಂದವರಿಗೆ ಹೇಳುತ್ತಿದ್ದ. ಅವನಿಗೆ ಹೇಳದೆ ಇರಲು ಆಗುತ್ತಿರಲಿಲ್ಲ.

“ಕೇತಮ್ಮ ಮೊದಲ್ನೇ ಕುರ್ಚಿ ತಂದಿದ್ದು ನನ್ ಅಂಗ್ಡಿಗೇಯ. ಘಾಟಿ ಅತ್ತಿ ಬಂದ್ ಲಾರಿಯೋರು ಅಲ್ಲೇ ಅಲ್ವಾ ನಿಲ್ಲಾದು? ‘ಎಷ್ಟಕ್ಕವ್ವ ಕೊಡ್ತೀಯಾ’ ಅಂದೆ. ‘ಮಾರಾಕಲ್ಲ ಕಣಪ್ಪ, ಇಲ್ಲೇ ಬುಟ್ಟಿರ್ತೀನಿ, ಬಂದೋರ್ನ ಕೂರ್ಸು’ ಅಂದ್ಳು. ನಂಗೆ ನಗಾನೇ ಬಂತು. ಇದೇನ್ ಯಾಪಾರವ್ವ, ಪುಕ್ಸಟ್ಟೆ ಕೂರ್ಸಾ ಯಾಪಾರ ಅಂದೆ. ಅವ್ಳು ನಕ್ಕಂಡು ಓದ್ಳು.”

“ಆಮ್ಯಾಕೆ?”

“ಆಮ್ಯಾಕೇನು! ಕೂತೋನು ಏಳ್ತಿರ್ನಿಲ್ಲ. ಎದ್ದೋನು, ‘ಎಲ್ ಸಿಗ್ತದೆ ಇದು’ ಅಂತ ಕೇಳ್ದೆ ಓಗ್ತಿರ್ನಿಲ್ಲ. ಮೈಸೂರು, ಈರೋಡು, ಕೇರಳ, ಎಲ್ಲಾ ಕಡೇಕೂ ಬಾಯಿಂದ ಬಾಯಿಗೆ ಓಯ್ತು. ಈ ಸಾಮಿನೂ ಅಂಗೇ ಕೂತು ಸಿಕ್ಕಾಕಂಡೋರು,” ಎಂದು ಶಿವಶಂಕರನ ಕಡೆ ತೋರಿಸಿದ.

ಶಿವಶಂಕರ ಸುಟ್ಟ ಬೆರಳನ್ನು ಬಾಯಿಂದ ತೆಗೆದ. “ನಿಜ ಅಯ್ಯಾ. ಈಗ ಎಲ್ಲಿ ನೋಡಿದ್ರೂ ಹೊಸ ಹೋಟೆಲು, ಹೊಸ ರೆಸಾರ್ಟು. ಎಲ್ಲಾರೂ ಕೇಳೋದು ಇದನ್ನೇ. ನಾನು ಓದಿದ್ದೂ ಇದೇ ವ್ಯಾಪಾರನೇ. ಆದ್ರೆ ಅಮ್ಮನ ತರ ಒಂದ್ ಕುರ್ಚಿನ ರಸ್ತೇಲಿ ಸುಮ್ನೆ ಬಿಟ್ಟು ಕಾಯೋ ಧೈರ್ಯ ನಂಗೆ ಬರ್ತಿರ್ಲಿಲ್ಲ.”

ದೊಡ್ಡಮಾದ ಕೇಳುತ್ತಲೇ ಇದ್ದ.

*

ಚಟ್ಟ ಸಿದ್ಧವಾದಾಗ ಬಿಸಿಲು ಮರಗಳ ತಲೆಯ ಮೇಲಿತ್ತು. ಬೆಳ್ಳಗೆ, ನುಣ್ಣಗೆ, ಇನ್ನೂ ಬೆಚ್ಚಗಿತ್ತು. ದೊಡ್ಡಮಾದ ಮೊಳೆ ಹುಡುಕಿ ಉದ್ದಕ್ಕೂ ಕೈಯಾಡಿಸಿದ. ಸಿಗಲಿಲ್ಲ. “ಎತ್ರಲಾ,” ಎಂದ. ಮುಂದಿನ ಬಲಗಳುವಿಗೆ ತಾನೇ ಹೆಗಲು ಕೊಟ್ಟ.

ನಾಲ್ವರು ಎತ್ತಿದೊಡನೆ ಚಟ್ಟ ನಡುವೆ ಬಗ್ಗಿತು. ಮಂಗಳ ಬಾಯಿಗೆ ಸೆರಗು ಒತ್ತಿಕೊಂಡಳು. ಬಗ್ಗಿದ್ದು ಅಲ್ಲಿಗೇ ನಿಂತಿತು. ಹೆಜ್ಜೆ ಹಾಕಿದ ಹಾಗೆಲ್ಲ ಅದು ಸಣ್ಣಗೆ ಏಳುತ್ತ ಇಳಿಯುತ್ತ ಹೋಯಿತು. ಹೊತ್ತವರ ಹೆಗಲಿಗೆ ಭಾರವೇ ಗೊತ್ತಾಗುತ್ತಿರಲಿಲ್ಲವಂತೆ. ಮಂಗಳ ಮಾತ್ರ ದಾರಿಯುದ್ದಕ್ಕೂ ಕಿವಿಯನ್ನು ಆ ಗಂಟುಗಳಲ್ಲೇ ಇಟ್ಟು ನಡೆದಳು.

ಮಣ್ಣು ಮಾಡುವ ಜಾಗ ಹೆದ್ದಾರಿಯ ಆಚೆ. ಇಷ್ಟು ಜನ ದಾಟುವಾಗ ಎರಡೂ ಕಡೆ ಲಾರಿಗಳು ನಿಂತವು. ಒಬ್ಬ ಡ್ರೈವರು ಇಳಿದು, ತಲೆಯ ಟವಲ್ ತೆಗೆದು ಕೈಯಲ್ಲಿ ಹಿಡಿದ.

“ಯಾರಣ್ಣ ಹೋಗಿದ್ದು? ದೊಡ್ಡೋರಾ?”

“ಬುಟ್ಟಿ ಎಣಿತಿದ್ದೋಳು,” ಎಂದ ಚಂದ್ರು.

ಡ್ರೈವರು ಸಾಲನ್ನು ಮತ್ತೊಮ್ಮೆ ನೋಡಿದ. ಅದು ಇನ್ನೂ ಮುಗಿದಿರಲಿಲ್ಲ.

ಒಂದು ಕಡ್ಡಿಯೂ ಮುರಿಯಲಿಲ್ಲ. ಕೇತಮ್ಮನನ್ನು ಕುಣಿಯಲ್ಲಿ ಇಳಿಸಿದರು. ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು. ಮಂಗಳ ಎದೆಯಿಂದ ದೊಡ್ಡದೊಂದು ಉಸಿರು ಬಿಟ್ಟಳು. ಅವ್ವ ಬೀಳದೆ ಹೋಗಿ ತಲುಪಿದಳು.

ಇನ್ನು ಉಳಿದದ್ದು ಕೊನೆಯ ಶಾಸ್ತ್ರ. ಬರಿದಾದ ಚಟ್ಟವನ್ನು ಯಜಮಾನ ಕಾಲಿಂದ ತುಳಿದು ಮುರಿಯಬೇಕು. ಆ ಲಟಕ್ ಶಬ್ದ ಕೇಳಿದರೆ ಹಿರಿಯರು ಕೈ ಹಿಡಿದುಕೊಂಡರು ಎಂದು ಲೆಕ್ಕ. ಆಮೇಲೆ ಯಾರೂ ಹಿಂತಿರುಗಿ ನೋಡದೆ ಮನೆಗೆ ನಡೆಯಬೇಕು. ಶಬ್ದ ಕೇಳುವವರೆಗೆ ಒಬ್ಬರೂ ಕದಲುವಂತಿಲ್ಲ.

ಎರಡು ದಿಣ್ಣೆಗಳ ಮೇಲೆ ಚಟ್ಟ ಇಟ್ಟರು. ದೊಡ್ಡಮಾದ ಒಂದು ಕಾಲೆತ್ತಿ ತುಳಿದ. ಅದು ಬಗ್ಗಿ, ಕಾಲನ್ನು ಮೇಲಕ್ಕೆ ಎಸೆಯಿತು. ಮತ್ತೆ ತುಳಿದ. ಮತ್ತೆ ಎಸೆಯಿತು. ಸಿಟ್ಟು ಬಂದು ಎರಡೂ ಕಾಲಿಟ್ಟು ಹತ್ತಿ ನಿಂತು ಜಿಗಿದ. ಚಟ್ಟ ನೆಲದವರೆಗೆ ಹೋಗಿ, ಮುದುಕನನ್ನು ಹೊತ್ತುಕೊಂಡು ವಾಪಸು ಬಂತು.

“ಬಾರ್ಲಾ ಚಂದ್ರು!” ಎಂದು ಕೂಗಿದ. ಚಂದ್ರು ಹತ್ತಿದ. “ನೀನೂ ಬಾ ಕಣಪ್ಪ!” ಶಿವಶಂಕರನೂ ಹತ್ತಿದ. ಮೂವರೂ ಒಬ್ಬರ ಹೆಗಲು ಒಬ್ಬರು ಹಿಡಿದು ಜಿಗಿದರು. ಒಂದು ಗಂಟೂ ಬಿಚ್ಚಲಿಲ್ಲ. ನಾಗಮ್ಮ ಬಾಯಿ ಬಿಟ್ಟು ನೋಡುತ್ತಿದ್ದಳು. ಕಟ್ಟಿದವರಿಗೇ ನಂಬಿಕೆ ಬರುತ್ತಿರಲಿಲ್ಲ. ಮಂಗಳಳಿಗೆ ತಡೆಯಲಾಗದೆ ನಗು ಬಂತು. ಅವ್ವನ ಮಣ್ಣಿನ ಮುಂದೆ, ಅಷ್ಟು ಜನರ ನಡುವೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಗೊಳೋ ಎಂದು ಅತ್ತಳು.

“ಆಯ್ತು ಕಣವ್ವಾ ಕೇತಿ, ಆಯ್ತು!” ದೊಡ್ಡಮಾದ ಕುಣಿಯ ಕಡೆ ತಿರುಗಿ ಕೂಗಿದ. ಅವನ ಗಡ್ಡದಿಂದ ನೀರು ಇಳಿಯುತ್ತಿತ್ತು. “ನಂದೇ ತಪ್ಪು ಕಣವ್ವ! ಇನ್ನಾದ್ರೂ ಮುರಿಯಾಕ್ ಬುಡು, ಜನ ಮನೇಗ್ ಓಗ್ಬೇಕು!”

ಹೊತ್ತು ಮುಳುಗಿತು. ಯಾರೂ ಕದಲಲಿಲ್ಲ. ಹೆದ್ದಾರಿಯವರೆಗೂ ತುಂಬಿದ ಜನರಿಂದಾಗಿ ಇನ್ನೂ ನಿಂತೇ ಇದ್ದ ಲಾರಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಆ ಬೆಳಕಿನಲ್ಲಿ ಬೆಳ್ಳನೆಯ ಚಟ್ಟದ ಮೇಲೆ ಆ ಮುದುಕ, ಅತ್ತಿತ್ತ ಇಬ್ಬರನ್ನು ಹಿಡಿದುಕೊಂಡು, ಮೇಲೇಳುತ್ತ, ಕೆಳಗಿಳಿಯುತ್ತ, ಮತ್ತೆ ಮೇಲೇಳುತ್ತ ಇದ್ದ.