ಚೆಲುವರಾಜು ಎತ್ತಿದ ಚೀಟಿ

"ನಂಗೂ ಒಂದ್ ಕಪ್ ಕೊಡಿ ಮೇಡಂ. ನನ್ ಉಚ್ಚೇನೂ ಒಸಿ ನೋಡ್ಬುಡಿ ಇವತ್ತು."

ಚೆಲುವರಾಜು ಹೀಗೆಂದ ದನಿಗೆ ಟಿ. ನರಸೀಪುರದ ಎರಡು ನದಿಗಳೂ ಒಂದು ಗಳಿಗೆ ನಿಂತು ಕಿವಿಗೊಟ್ಟವು. ವ್ಯಸನಮುಕ್ತಿ ಕೇಂದ್ರದ ಬೆಂಚಿನ ಮೇಲಿದ್ದವರೆಲ್ಲ ಕಾಲು ಹಿಂದಕ್ಕೆ ಎಳೆದುಕೊಂಡರು. ಆಪ್ತಸಮಾಲೋಚಕಿ ಸಂಘಮಿತ್ರಾ ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ.

"ನೀವ್ಯಾಕೆ ಕೊಡ್ತೀರಿ? ಚಿಕಿತ್ಸೆ ನಿಮ್ಮ ತಮ್ಮಂಗಲ್ವಾ?"

"ಅದೇ ಮೇಡಂ ನಾನೂ ಕೇಳ್ತಿರಾದು. ಸುಟ್ಟು ಎಳ್ದೋನ್ಗೆ ಕ್ಯಾಸರೋಲು. ಎಳೀದೆ ಇದ್ದೋನ್ಗೆ ಒಂದ್ ಚಮಚಾನೂ ಇಲ್ವಾ?"

ತಮ್ಮ ನಂಜುಂಡಸ್ವಾಮಿ ಪಕ್ಕದಲ್ಲೇ ಕುಳಿತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ನಂಜನಗೂಡಿನ ಕಾರ್ಖಾನೆಗಳಿಂದ ಮುಂಬೈವರೆಗೆ ಲಾರಿ ಓಡಿಸುತ್ತಿದ್ದವನು. ನಿದ್ದೆ ಓಡಿಸಲೆಂದು ಯಾರೋ ಕೊಟ್ಟ ಮೆತ್ ಎಂಬ ಮಾದಕ ಹರಳು ಅವನ ನಿದ್ದೆಯ ಜೊತೆ ಬುದ್ಧಿಯನ್ನೂ ಓಡಿಸಿತ್ತು. ಒಂಬತ್ತು ದಿನ ರೆಪ್ಪೆ ಮುಚ್ಚದೆ, ಹತ್ತನೆಯ ದಿನ ಕನ್ನಡಿಯಲ್ಲಿ ಪೊಲೀಸರ ಒಂದು ದಂಡನ್ನೇ ಕಂಡು, ಲಾರಿಯನ್ನು ಕಬ್ಬಿನ ಗದ್ದೆಗೆ ಇಳಿಸಿದ್ದ. ಊರಿಗೆ ಬಂದಾಗ ಆರು ಹಲ್ಲು ಇರಲಿಲ್ಲ; ತೋಳು ಕೆರೆದು ಕೆರೆದು ಹುಣ್ಣಾಗಿತ್ತು.

ಈ ಚಟ ಬಿಡಿಸುವ ಮಾತ್ರೆ ಇನ್ನೂ ಬಂದಿಲ್ಲ, ಮನಸ್ಸಿಗೆ ಬೇರೆ ಖುಷಿಯ ರುಚಿ ಹತ್ತಿಸಬೇಕು ಎಂದು ಸಂಘಮಿತ್ರಾ ಮೊದಲ ದಿನವೇ ಹೇಳಿದ್ದಳು. ಅದಕ್ಕೇ ಮಂಗಳವಾರ, ಶುಕ್ರವಾರ ಮೂತ್ರಪರೀಕ್ಷೆ. ಶುದ್ಧವಿದ್ದರೆ ಡಬ್ಬಿಗೆ ಕೈಹಾಕಿ ಚೀಟಿ ಎತ್ತಬಹುದು, ಬಂದ ಬಹುಮಾನ ಒಯ್ಯಬಹುದು. ಶುದ್ಧವಿದ್ದಷ್ಟು ವಾರ ಚೀಟಿಗಳೂ ಹೆಚ್ಚುತ್ತವೆ.

ಐದು ವಾರದಲ್ಲಿ ನಂಜುಂಡಸ್ವಾಮಿ ಗೆದ್ದದ್ದು ಎರಡು ಟವೆಲು, ಒಂದು ಗೋಡೆ ಗಡಿಯಾರ, ಒಂದು ಕ್ಯಾಸರೋಲು. ತಾಯಿ ಮುತ್ತಮ್ಮ ಆ ಕ್ಯಾಸರೋಲನ್ನು ಸೊಂಟದ ಮೇಲಿಟ್ಟುಕೊಂಡು ತಮ್ಮೂರು ಹೆಡತಲೆಯ ಬಾಗಿಲು ಬಾಗಿಲಿಗೆ ಹೋಗಿ, "ನನ್ ಚಿಕ್ಕೋನು ಗೆದ್ದಿದ್ದು ಕಣವ್ವಾ" ಎಂದು ಬಂದಳು. ಬದನವಾಳಿನ ನೆಂಟರಿಗಂತೂ ಮುಚ್ಚಳ ತೆಗೆದು ಒಳಗನ್ನೂ ತೋರಿಸಿದಳು. ಮನೆಗೆ ತಾರಸಿ ಹಾಕಿಸಿದವನು, ತಂಗಿಯ ಮದುವೆ ಮಾಡಿದವನು, ಬೀಡಿಯನ್ನೂ ಮೂಸಿ ನೋಡದವನು ಚೆಲುವರಾಜು. ನಲವತ್ತು ವರ್ಷದಲ್ಲಿ ಆಕೆ ಅವನನ್ನು ಒಂದು ಸಲವೂ ಹೊಗಳಿದ್ದಿಲ್ಲ. ಅವನ ಹೊಟ್ಟೆಯುರಿಯಲ್ಲಿ ಮೂರೂರಿನ ಮುದ್ದೆ ಬೇಯಿಸಬಹುದಿತ್ತು, ಮೇಲೆ ಸಾರೂ ಕಾಯಿಸಬಹುದಿತ್ತು. ಇವತ್ತು ತಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಸುತ್ತೂರು ದಾಟುವಾಗ, ಇವನ ಪರೀಕ್ಷೆ ಒಂದೇ ಒಂದು ಸಲ ಕೆಡಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದಿದ್ದ.

ಸಂಘಮಿತ್ರಾ ಕಪ್ಪು ಕೊಟ್ಟಳು. ಚೆಲುವರಾಜು ಕೆರೆ ತುಂಬಿಸಿದವನ ಠೀವಿಯಲ್ಲಿ ಅದನ್ನು ತಂದು ತಮ್ಮನ ಕಪ್ಪಿನ ಪಕ್ಕ ಇಟ್ಟ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದರೆ ಶುದ್ಧ. ಅವನದರಲ್ಲಿ ಎರಡು ಗೆರೆ ರೈಲು ಹಳಿಯಂತೆ ಎದ್ದು ನಿಂತವು.

ತಮ್ಮನದರಲ್ಲಿ ಒಂದೇ ಮೂಡಿತು. ಐದು ನಿಮಿಷ ಕಾದರೂ ಒಂದೇ.

"ಭಾನ್ವಾರ ಮೇಡಂ," ಎಂದ ನಂಜುಂಡಸ್ವಾಮಿ. "ಜತೇಲಿ ಲಾರಿ ಓಡುಸ್ತಿದ್ದ ಡ್ರೈವರ್ ಒಬ್ಬ ಸಿಕ್ಕಿದ್ದ. ಒಂದೇ ಸಲ."

"ನೀವೇ ಹೇಳಿದ್ರಲ್ಲ, ಒಳ್ಳೇದಾಯ್ತು. ಇವತ್ತು ಚೀಟಿ ಇಲ್ಲ. ಶುಕ್ರವಾರ ಬನ್ನಿ, ಒಂದು ಚೀಟಿಯಿಂದ ಮತ್ತೆ ಶುರು ಮಾಡೋಣ."

ಚೆಲುವರಾಜುವಿಗೆ ಈಗ ಹಬ್ಬದೂಟದಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ, ಅರ್ಧ ತುತ್ತಿನಷ್ಟು.

"ನನ್ ಚೀಟಿ?" ಎಂದ.

ಸಂಘಮಿತ್ರಾ ಅವನನ್ನೇ ಒಂದು ಕ್ಷಣ ನೋಡಿ ಡಬ್ಬಿಯನ್ನು ಮುಂದೆ ತಳ್ಳಿದಳು. ಅವನು ಮೊಣಕೈವರೆಗೆ ಕೈಯಿಳಿಸಿ, ಪಾತಾಳದಿಂದ ಎಂಬಂತೆ ಒಂದು ಚೀಟಿ ಎತ್ತಿದ. ಬಿಡಿಸಿ ಓದಿದ. 'ಶಭಾಷ್.'

"ಇದ್ಕೇನ್ ಕೊಡ್ತೀರಿ?"

"ಏನೂ ಇಲ್ಲ. ಅರ್ಧಕ್ಕರ್ಧ ಚೀಟೀಲಿ ಅಷ್ಟೇ ಇರೋದು."

ಬೈಯುತ್ತಾನೆ ಎಂದು ಎಲ್ಲರೂ ಕಾದರು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಊರಿನ ದಾರಿಯಲ್ಲಿ ಮೂರು ಸಲ ಬೈಕು ನಿಲ್ಲಿಸಿ ತೆಗೆದು ಓದಿದ. ಮೂರು ಸಲವೂ ಅದೇ ಬರೆದಿತ್ತು.

"ಅಣ್ಣಾ," ಹಿಂದಿನಿಂದ ತಮ್ಮ ಕೇಳಿದ, "ಅವ್ವುಂಗೆ ಏನಂತ ಯೇಳ್ಲಿ?"

"ಆದುದ್ದ ಆದಂಗೆ ಯೇಳು. ಆರ್ ಅಲ್ಲು ತಾನೇ ಓಗಿರಾದು? ಬಾಯಿ ಅದೆಯಲ್ಲ!"

ಮುತ್ತಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಬೈಕು ನಿಲ್ಲುವ ಮೊದಲೇ ಅವಳ ಕಣ್ಣು ಚಿಕ್ಕವನ ಕೈಗೆ ಹೋಯಿತು. "ಇವತ್ತೇನ್ ಗೆದ್ದೆ ಮಗಾ?"

"ಅವ್ವಾ, ನಾನು ಭಾನ್ವಾರ..." ನಂಜುಂಡಸ್ವಾಮಿ ಮತ್ತೆ ತನ್ನ ಚಪ್ಪಲಿ ನೋಡತೊಡಗಿದ. ಮುತ್ತಮ್ಮನ ಮುಖ ನಿಧಾನಕ್ಕೆ ಬಾಡುತ್ತ ಬಂತು.

"ಇವತ್ತು ಸಾಮಾನಿಲ್ಲ ಕಣವ್ವ, ಬರೀ ಚೀಟಿ," ಎಂದ ಚೆಲುವರಾಜು. ಅವನ ಕೈ ಜೇಬಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಇದ್ದು, ಹೊರಗೆ ಬಂತು. "ತಕಾ. ಇವ್ನ್ಗೆ ಯೇಳಾಕೆ ನಾಲ್ಗೆ ಹೊರಳ್ತಿಲ್ಲ."

ಓದು ಬಾರದ ಮುತ್ತಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನ್ಲಾ ಬರ್ದವ್ರೆ?"

"ಶಭಾಷ್ ಅಂತ."

"ಯಾರ್ಗ್ಲಾ?"

ಚೆಲುವರಾಜು ಬೈಕಿನ ಕೀಲಿ ಕಿತ್ತುಕೊಂಡ. "ನಿನ್ ಚಿಕ್ಕೋನ್ಗೆ. ಇನ್ಯಾರ್ಗೆ?"

ನಂಜುಂಡಸ್ವಾಮಿ ಅಣ್ಣನ ಮುಖ ನೋಡಲಾಗದೆ ತೊಟ್ಟಿಯ ಕಡೆಗೆ ಹೋದ. ಮುತ್ತಮ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡು ದೊಡ್ಡವನ ಮುಂದೆ ಹಿಡಿದಳು. "ಇನ್ನೊಂದ್ ಕಿತ ಓದ್ಲಾ."

ಚೆಲುವರಾಜು ಈ ಸಲ ಬೀದಿಗೆಲ್ಲ ಕೇಳುವಂತೆ ಓದಿದ. ತೊಟ್ಟಿಯ ಬಳಿ ತಮ್ಮ, ಆಗಲೇ ತೊಳೆದ ಕಾಲಿನ ಮೇಲೆ ಮತ್ತೊಂದು ಚೊಂಬು ನೀರು ಸುರಿದುಕೊಳ್ಳುತ್ತಿದ್ದ.