ನೀರಿನ ವಜಾ

ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ನನ್ನ ಕಿವಿಯಲ್ಲಿ ಸರೋವರ ಮಾತಾಡುತ್ತದೆ. ಆಸ್ಪತ್ರೆಯ ಎರಡನೆಯ ಮಹಡಿಯ ಕೊನೆಯ ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಫೋನು ಮತ್ತು ಐವತ್ತಾರು ಹೆಸರುಗಳ ಪಟ್ಟಿ. ಟೋನ್ಲೆ ಸಾಪ್ ಸರೋವರದ ಮೇಲೆ ತೇಲುವ ಮನೆಗಳಿಂದ ಒಬ್ಬೊಬ್ಬರಾಗಿ ಕರೆ ಮಾಡಿ ಆ ದಿನದ ತಮ್ಮ ತೂಕ ಹೇಳುತ್ತಾರೆ. ಅಂಕಿಯ ಹಿಂದೆ ಕೋಳಿ ಕೂಗುತ್ತಿರುತ್ತದೆ, ದೋಣಿಯ ಎಂಜಿನ್ನು ಕೆಮ್ಮುತ್ತಿರುತ್ತದೆ, ಎಲ್ಲದರ ಕೆಳಗೆ ನೆಲದ ಹಲಗೆಗೆ ನೀರು ತಟ್ಟುವ ಸದ್ದು. ನಾನು ಕಣ್ಣು ಮುಚ್ಚಿಕೊಂಡು ಬರೆದುಕೊಳ್ಳುತ್ತೇನೆ. ಅಕ್ಷರ ಸೊಟ್ಟಗಾದರೂ ಅಂಕಿ ತಪ್ಪುವುದಿಲ್ಲ. ಕೆಲವು ಸಲ ನನ್ನ ಕುರ್ಚಿಯೂ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತದೆ.

ಇವರೆಲ್ಲರ ಹೃದಯವೂ ಸೋತದ್ದು. ಹೃದಯ ಸರಿಯಾಗಿ ರಕ್ತ ತಳ್ಳದಿದ್ದಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಮೊದಲು ಪಾದದಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ. ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮಾತ್ರೆ ಹೆಚ್ಚಿಸುತ್ತೇವೆ, ಇಲ್ಲವೆ ದೋಣಿ ಕಳಿಸಿ ಕರೆಸುತ್ತೇವೆ. ದಿನಕ್ಕೊಂದು ಫೋನು ಕರೆಯಿಂದ ಇವರು ಮತ್ತೆ ಆಸ್ಪತ್ರೆ ಸೇರುವುದನ್ನು ತಪ್ಪಿಸಬಹುದೇ ಎಂಬುದೇ ನಮ್ಮ ಅಧ್ಯಯನದ ಪ್ರಶ್ನೆ. ಅಧ್ಯಯನಕ್ಕೆ ಸೇರಿದವರಲ್ಲಿ ಅರ್ಧ ಜನ, ಈ ಐವತ್ತಾರು ಮಂದಿ, ಕರೆ ಮಾಡುತ್ತಾರೆ, ಇನ್ನರ್ಧ ಜನಕ್ಕೆ ಎಂದಿನ ಚಿಕಿತ್ಸೆ. ಎರಡು ವರ್ಷದ ಕೆಲಸ. ನಡೆಸುವವರು ಡಾಕ್ಟರ್ ವಿಬೋಲ್. ದಾದಿ ನಾನು, ಕುಂತಿಯಾ.

ಸವೂನಜ್ಜಿ ನಮ್ಮ ಪಟ್ಟಿಯ ಮೂವತ್ತೊಂದನೆಯ ಹೆಸರು. ಎಪ್ಪತ್ತೊಂದು ವರ್ಷ. ಮೀನು ಇಳಿಸುವ ತೆಪ್ಪದ ಮೇಲೆ ನಲವತ್ತು ವರ್ಷ ತಕ್ಕಡಿ ಹಿಡಿದವಳು. ಜೂನ್ ತಿಂಗಳಲ್ಲಿ ಅವಳನ್ನು ತಂದಾಗ ತುಟಿ ನೀಲಿಯಾಗಿತ್ತು. "ನೆಲದ ಮೇಲೆ ಕೂತ್ಕೊಂಡೇ ಮುಳುಗ್ತಿದೀನಿ" ಎಂದು ಎರಡೆರಡೇ ಮಾತಾಗಿ ಹೇಳಿದ್ದಳು. ಉಳಿದಳು. ಆದರೆ ಡಾಕ್ಟರ್ ವಿಬೋಲ್ ನನ್ನನ್ನು ಕಾರಿಡಾರಿಗೆ ಕರೆದು, "ಇನ್ನೊಂದ್ಸಲ ಹೀಗೆ ತುಂಬ್ಕೊಂಡ್ರೆ ಈ ಹೃದಯ ತಿರುಗಿ ಬರಲ್ಲ. ನೀನೇ ನೋಡ್ಕೋಬೇಕು" ಎಂದರು.

ಅವಳು ಮನೆಗೆ ಹೊರಟ ದಿನ ಅಧ್ಯಯನದ ಎಲೆಕ್ಟ್ರಾನಿಕ್ ತಕ್ಕಡಿ ಕೊಟ್ಟು ನಾನೇ ಪಾಠ ಮಾಡಿದೆ.

"ಅಜ್ಜಿ, ದಿನಾ ಬೆಳಿಗ್ಗೆ ಎದ್ದು, ಏನೂ ತಿನ್ನೋಕೆ ಮುಂಚೆ ತೂಗಬೇಕು. ದೋಣಿ ಹೋದ ಅಲೆ ನಿಂತ ಮೇಲೆ ನೋಡಬೇಕು."

"ತೂಗೋದನ್ನ ನನಗೆ ಹೇಳ್ಕೊಡ್ತೀಯೇನೇ? ನಿಮ್ಮಮ್ಮ ತೊಟ್ಟಿಲಲ್ಲಿದ್ದಾಗಿಂದ ತೂಗ್ತಿದೀನಿ."

"ನೀವು ತೂಗಿದ್ದು ಮೀನು. ಈಗ ನಿಮ್ಮನ್ನೇ ತೂಗ್ಕೋಬೇಕು."

"ನಾನೇನು ಮೀನಿಗಿಂತ ಕಷ್ಟವಾ? ಒದ್ದಾಡಲ್ಲ, ಜಾರಲ್ಲ."

"ವಾಸನೆ ಮಾತ್ರ ಒಂದೇ" ಎಂದಳು ಬಟ್ಟೆ ಮಡಿಸುತ್ತಿದ್ದ ಮಗಳು ಫಲ್ಲಾ. ಈಗ ತೆಪ್ಪದ ಮೇಲೆ ತಕ್ಕಡಿ ಹಿಡಿಯುವವಳು ಅವಳೇ.

"ಆ ವಾಸನೇನೇ ನಿನ್ನ ಸಾಕಿದ್ದು, ಮೂಗು ಮುಚ್ಕೋಬೇಡ" ಎಂದು ಮುದುಕಿ ನನ್ನ ಕಡೆ ತಿರುಗಿದಳು. "ಮೊನ್ನೆ ಬಂದಾಗ ನಾನು ಐದು ಕಿಲೋ ಜಾಸ್ತಿ ಇದ್ದೆ ಅಂದ್ಯಲ್ಲ, ಅದೇನದು?"

"ಅದು ನೀವಲ್ಲ ಅಜ್ಜಿ, ಬರೀ ನೀರು. ನಿಮ್ಮ ನಿಜವಾದ ತೂಕ ನಲವತ್ತಾರು."

"ನಿಜವಾದ ತೂಕ" ಎಂದು ಅವಳು ನಿಧಾನವಾಗಿ ಅಂದುಕೊಂಡಳು. ಎರಡು ಸಲ ತಲೆಯಾಡಿಸಿದಳು. ಇಷ್ಟು ಸರಳವಾಗಿ ಹೇಳಿದೆನಲ್ಲ ಎಂದು ನನಗೆ ಹೆಮ್ಮೆಯಾಗಿತ್ತು.

ಮಳೆ ಹಿಡಿಯಿತು. ಸರೋವರ ಉಬ್ಬುತ್ತ ಹೋಯಿತು. ಜುಲೈ, ಆಗಸ್ಟ್ ಎರಡೂ ತಿಂಗಳು ಸವೂನಜ್ಜಿಯ ಅಂಕಿ ಸಣ್ಣಗೆ ಏರಿ ಇಳಿಯಿತು. ನಲವತ್ತಾರೂ ಐದು, ಅಂದರೆ ನಲವತ್ತಾರೂವರೆ ಕಿಲೋ; ಆಮೇಲೆ ನಲವತ್ತೈದೂ ಎಂಟು, ನಲವತ್ತಾರು. ಸೆಪ್ಟೆಂಬರ್ ಕೊನೆಯಲ್ಲಿ ಅದು ಬಂದು ನೆಲೆ ನಿಂತಿತು. ನಲವತ್ತಾರೂ ಎರಡು. ಮರುದಿನ ನಲವತ್ತಾರೂ ಒಂದು. ಮತ್ತೆ ನಲವತ್ತಾರೂ ಎರಡು. ಕಂಪ್ಯೂಟರಿನ ಪರದೆಯ ಮೇಲೆ ಅವಳ ತೂಕದ ಗೆರೆ ಗಾಳಿಯಿಲ್ಲದ ಮಧ್ಯಾಹ್ನದ ನೀರಿನ ಹಾಗೆ ಮಲಗಿರುತ್ತಿತ್ತು. ಬೇರೆಯವರ ಗೆರೆಗಳ ಗುಡ್ಡ ಕಣಿವೆ ನೋಡಿ ಕಣ್ಣು ದಣಿದಾಗ ನಾನು ಅದನ್ನು ತೆರೆದು ಸುಮ್ಮನೆ ನೋಡುತ್ತ ಕೂರುತ್ತಿದ್ದೆ. ಡಾಕ್ಟರ್ ವಿಬೋಲ್ ಕೂಡ ಒಮ್ಮೆ ನನ್ನ ಹಿಂದೆ ನಿಂತು, "ಎಲ್ಲರೂ ಈ ಅಜ್ಜಿ ಥರ ಇದ್ದಿದ್ರೆ ನಾವು ನಿದ್ದೆಯಲ್ಲೇ ಅಧ್ಯಯನ ಮುಗಿಸಬಹುದಿತ್ತು" ಎಂದು ನಕ್ಕಿದ್ದರು.

ಪಿತೃಗಳಿಗೆ ಅನ್ನವಿಡುವ ಹದಿನೈದು ದಿನ ಬಂದವು. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು, ಉಪ್ಪು ಹಾಕಿದ ಹಂದಿಮಾಂಸ. ಸತ್ತವರ ಹೆಸರಿನಲ್ಲಿ ಮಾಡಿದ್ದನ್ನು ಇದ್ದವರು ತಿನ್ನುತ್ತಾರೆ. ನನ್ನ ಪಟ್ಟಿಯ ಐವತ್ತೈದು ಜನ ಅರ್ಧದಿಂದ ಒಂದು ಕಿಲೋ ಏರಿದರು. ಕೆಲವರು ನಾಚಿಕೊಂಡು ಹೇಳಿದರು, ಕೆಲವರು ತಕ್ಕಡಿಯನ್ನೇ ಬೈದರು. ಸವೂನಜ್ಜಿ ಮಾತ್ರ ನಲವತ್ತಾರೂ ಎರಡು.

ಕಾಲೇಜಿನಲ್ಲಿ ನಮ್ಮ ಪ್ರಯೋಗಾಲಯದ ಮೇಷ್ಟ್ರು, ಜೀವ ಇರುವುದನ್ನು ಅಳೆದರೆ ಅಂಕಿ ಅಲುಗುತ್ತದೆ, ಅಲುಗದಿದ್ದರೆ ಮೊದಲು ನಿನ್ನ ಅಳತೆಯನ್ನು ನೋಡು ಎನ್ನುತ್ತಿದ್ದರು. ಆ ಮಾತು ನೆನಪಿಗೆ ಬಂತು. ಆದರೂ ಆ ಗೆರೆಯ ಚಂದಕ್ಕೆ ಮನಸ್ಸು ಸೋತಿತ್ತು. ಹಬ್ಬ ಮುಗಿದರೂ ಎರಡು ದಿನ ಸುಮ್ಮನಿದ್ದೆ.

ಮೂರನೆಯ ದಿನ ಅವಳ ಕರೆ ಬಂತು. "ನಲವತ್ತಾರೂ..." ಎಂದಳು. ನಿಂತಳು. ನೀರು ಹಲಗೆಗೆ ಮೂರು ಸಲ ತಟ್ಟಿತು. "...ಎರಡು."

ಆ ಚಿಕ್ಕ ಅಂಕಿ ಹೇಳಲು ಅವಳಿಗೆ ಎರಡು ಉಸಿರು ಬೇಕಾಗಿತ್ತು. ಎಲ್ಲ ಕರೆ ಮುಗಿಯುತ್ತಲೇ ನಾನು ಔಷಧಿಯ ಚೀಲ ಎತ್ತಿಕೊಂಡು ಆಸ್ಪತ್ರೆಯ ದೋಣಿ ಹತ್ತಿದೆ.

ಸರೋವರ ತುಂಬಿ ನಿಂತಿತ್ತು. ಬೇಸಿಗೆಯಲ್ಲಿ ನಾವು ನಡೆದಾಡುವ ಜಾಗದ ಮೇಲೆ, ನೆರಳಲ್ಲಿ ಕೂತು ಉಂಡಿದ್ದ ಮರಗಳ ಮೇಲೆ ದೋಣಿ ಸಾಗಿತು. ಎಲೆಗಳ ತುದಿಗಳು ನೀರಿನಿಂದ ಇಣುಕುತ್ತಿದ್ದವು, ಅವುಗಳ ನಡುವೆ ಮೀನುಗಳು ಹಕ್ಕಿಗಳ ಹಾಗೆ ಸುಳಿದವು. ಎಲ್ಲಿ ಆಕಾಶ ಮುಗಿಯಿತು, ಎಲ್ಲಿ ನೀರು ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಇದೆಲ್ಲ ಒಬ್ಬ ಮುದುಕಿಯ ಮೈಯೊಳಗೂ ನಡೆದಿದೆ ಅಂದುಕೊಂಡೆ. ಅವಳ ಪಾದ ಮುಳುಗಿದೆ, ಮೊಣಕಾಲು ಮುಳುಗಿದೆ, ಉಸಿರು ಮರದ ತುದಿಯಲ್ಲಿ ಕೂತಿದೆ.

ಅವಳು ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಉಯ್ಯಾಲೆ ಹಾಸಿಗೆ ಖಾಲಿ ತೂಗುತ್ತಿತ್ತು. ಫಲ್ಲಾ ಒಲೆಯ ಹತ್ತಿರದಿಂದ ಎದ್ದು ಬಂದಳು.

"ನಾಲ್ಕು ದಿನದಿಂದ ಮಲಗೇ ಇಲ್ಲ ಕುಂತಿಯಾ. ಹಬ್ಬದ ಊಟದ ಆಯಾಸ ಅಂತಾಳೆ. ಫೋನ್ ಮಾಡ್ತೀನಿ ಅಂದ್ರೆ, ತೂಕ ಸರಿಯಾಗಿದೆಯಲ್ಲ, ಯಾಕೆ ಮಾಡ್ತೀಯ ಅಂತ ನನ್ನೇ ಗದರ್ತಾಳೆ."

ಅಜ್ಜಿಯ ಸೀರೆಯಂಥ ಉಡುಗೆಯ ಅಂಚಿನ ಕೆಳಗೆ ಪಾದಗಳು ಹಲಸಿನ ತೊಳೆಯ ಹಾಗೆ ಉಬ್ಬಿದ್ದವು. ನಾನು ತಕ್ಕಡಿ ಎಳೆದೆ. ಇಬ್ಬರೂ ಹಿಡಿದು ನಿಲ್ಲಿಸಿದೆವು. ನಮ್ಮದೇ ದೋಣಿಯ ಅಲೆ ಇನ್ನೂ ಮನೆಯನ್ನು ತೂಗುತ್ತಿತ್ತು. ಅಂಕಿಗಳು ಓಡಾಡಿ, ಓಡಾಡಿ, ನಿಂತವು. ಐವತ್ತೊಂದೂ ನಾಲ್ಕು.

"ಬೆಳಿಗ್ಗೆ ನಲವತ್ತಾರೂ ಎರಡು ಅಂದ್ರಲ್ಲ ಅಜ್ಜಿ!"

"ಹೌದು."

"ಇದು ಐವತ್ತೊಂದೂ ನಾಲ್ಕು ತೋರಿಸ್ತಿದೆ."

"ನೀರು... ಸೇರಿಸಿದ್ರೆ ಹೌದು."

ಭಯಕ್ಕೆ ನನ್ನ ಬಾಯಿ ಜಾರಿತು. "ಇಷ್ಟು ದಿನ ನನಗೆ ಸುಳ್ಳು ಹೇಳಿದ್ರಾ?"

ಫಲ್ಲಾ ಹಿಡಿದ ಕೈ ಬಿಟ್ಟಳು. "ಏನಂದೆ? ನಮ್ಮಮ್ಮನ ತೂಕ ಸುಳ್ಳು ಅಂದವರು ಈ ನೀರಿನ ಮೇಲೆ ಒಬ್ಬರೂ ಇಲ್ಲ."

ಅಜ್ಜಿ ಮತ್ತೆ ಕಂಬಕ್ಕೆ ಒರಗಿದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು.

"ಬುಟ್ಟಿ ನೀರಿಂದ ಎತ್ತಿದ ತಕ್ಷಣ ತೂಗಿದ್ರೆ ಎಷ್ಟು ಬರತ್ತೆ? ಹನ್ನೊಂದು. ಅದ್ರಲ್ಲಿ ಮೀನು ಹತ್ತು. ಒಂದು ನೀರು. ಅದನ್ನ ವಜಾ ಮಾಡದೆ ಹೇಳಿದ್ರೆ ಕೊಳ್ಳೋನಿಗೆ ಮೋಸ. ಜಾಸ್ತಿ ವಜಾ ಮಾಡಿದ್ರೆ ಹಿಡಿದೋನಿಗೆ ಮೋಸ. ಇದನ್ನೇ ಕಣೇ ನಲವತ್ತು ವರ್ಷ ಮಾಡಿದ್ದು ನಾನು." ಉಸಿರು ಎಳೆದುಕೊಂಡಳು. "ನೀನೇ ಹೇಳ್ದೆ. ಅದು ನಾನಲ್ಲ, ಬರೀ ನೀರು ಅಂತ. ನಿಜವಾದ ತೂಕ ಕೇಳ್ದೆ. ವಜಾ ಮಾಡಿ ಕೊಟ್ಟೆ."

ಅವಳ ಮುಂದೆ ಮಂಡಿಯೂರಿ ಕೂತು ಡಾಕ್ಟರ್ ವಿಬೋಲ್‌ಗೆ ಫೋನ್ ಮಾಡಿದೆ. ನೀರಿಳಿಸುವ ಚುಚ್ಚುಮದ್ದು ಅಲ್ಲೇ ಕೊಟ್ಟು ಕರೆತರಲು ಹೇಳಿದರು. ಊದಿದ ಕೈಯಲ್ಲಿ ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ಅವಳು ನೀರಿನ ಕಡೆ ಮುಖ ತಿರುಗಿಸಿಕೊಂಡಿದ್ದಳು.

ದೋಣಿಯಲ್ಲಿ ನನ್ನ ಎದೆಗೆ ಒರಗಿಸಿ ಕೂರಿಸಿಕೊಂಡೆ. ಅರ್ಧ ಗಂಟೆಯಲ್ಲಿ ಔಷಧಿ ಕೆಲಸ ಶುರುಮಾಡಿತು. ಫಲ್ಲಾ ಬಟ್ಟೆ ಅಡ್ಡ ಹಿಡಿದು ಬಕೆಟ್ ಸರಿಸಿದಳು.

"ಸರೋವರದ ಮಧ್ಯ ನಿನಗೆ ಬಕೆಟ್ ಬೇರೆ ಕೇಡು" ಎಂದಳು.

"ಅಳೀಬೇಕಂತೆ" ಎಂದಳು ಅಜ್ಜಿ. "ಇವಳಿಗೆ ಎಲ್ಲಾ... ಅಳೀಬೇಕು."

ಅದು ನನ್ನ ಮೇಲಿನ ಮುನಿಸು ಸಡಿಲವಾದ ಮೊದಲ ಗುರುತು. ನಾನು ಮೆಲ್ಲಗೆ ಕೇಳಿದೆ: "ಅಜ್ಜಿ, ದಿನಾ ಎಷ್ಟು ವಜಾ ಮಾಡಬೇಕು ಅಂತ ಹೇಗೆ ಗೊತ್ತಾಗ್ತಿತ್ತು?"

ಅವಳು ಹೆಬ್ಬೆರಳನ್ನು ತನ್ನ ಕಣಕಾಲಿಗೆ ಒತ್ತಿ ತೆಗೆದಳು. ಚರ್ಮದಲ್ಲಿ ಗುಳಿ ಬಿತ್ತು. ಅದು ಮತ್ತೆ ತುಂಬುವವರೆಗೆ ನೋಡುತ್ತಿದ್ದಳು, ತೆಪ್ಪದ ಮೇಲೆ ಬುಟ್ಟಿಯ ಮೀನು ಒತ್ತಿ ನೀರು ಸೋರುವುದನ್ನು ನೋಡುವ ಹಾಗೆ. ದಾದಿಯಾಗಿ ನಾನೂ ಕಲಿತ ಪರೀಕ್ಷೆಯೇ ಅದು. ಆದರೆ ನಾವು ಗುಳಿಯ ಆಳಕ್ಕೆ ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟು ಬಿಡುತ್ತೇವೆ. ಅವಳು ಕಿಲೋದಲ್ಲಿ ಹೇಳುತ್ತಿದ್ದಳು.

"ಹಬ್ಬಕ್ಕೆ ಮುಂಚೆ ವಜಾ ಮಾಡೋಷ್ಟು ನೀರಿರ್ಲಿಲ್ಲ. ಹಬ್ಬದ ಮೊದಲನೇ ದಿನ ಅರ್ಧ ಕಿಲೋ. ಮಾರನೇ ದಿನ ಆರ್ನೂರು ಗ್ರಾಂ. ಮೂರನೇ ದಿನ ಒಂಬೈನೂರು, ಅವತ್ತು ಉಪ್ಪಿನ ಮಾಂಸ ತಿಂದಿದ್ದೆ, ನಿನಗೆ ಹೇಳಿರ್ಲಿಲ್ಲ. ನಾಲ್ಕನೇ ದಿನ ಒಂದೂ ಎರಡು..."

ಕಣ್ಣು ಮುಚ್ಚಿ ಅವಳು ಹೇಳುತ್ತ ಹೋದಳು. ಮುಳುಗಿದ ಮರಗಳ ಮೇಲೆ ದೋಣಿ ಹೋಗುತ್ತಿತ್ತು. ನಾನು ಅವಳ ಬೆನ್ನ ಹಿಂದಿನಿಂದ ಕೈ ಚಾಚಿ ಮೊಣಕಾಲ ಮೇಲೆ ಕಾಗದ ಇಟ್ಟು ಬರೆದುಕೊಂಡೆ. ಹದಿನೆಂಟು ದಿನ, ಹದಿನೆಂಟು ವಜಾ. ಕೊನೆಯದು ಐದೂ ಎರಡು. ಅದನ್ನು ಹೇಳುವಷ್ಟರಲ್ಲಿ ಅವಳ ಮಾತು ಉಸಿರಿಗೆ ಸಿಕ್ಕಿ ತುಂಡಾಗುವುದು ಕಡಿಮೆಯಾಗಿತ್ತು. ಆಮೇಲೆ ನಿದ್ದೆ ಹೋದಳು.

ಐದು ದಿನ ಆಸ್ಪತ್ರೆಯಲ್ಲಿದ್ದಳು. ಎರಡನೆಯ ದಿನ ಅವಳ ತಕ್ಕಡಿ ತರಿಸಿ ಅದರ ನೆನಪಿನಲ್ಲಿ ಉಳಿದಿದ್ದ ಹತ್ತು ಅಂಕಿ ನೋಡಿದೆ. ನನಗೆ ಹೇಳಿದ ತೂಕಕ್ಕೆ ಅವಳ ವಜಾ ಕೂಡಿಸಿದರೆ ಹತ್ತೂ ಹೊಂದಿಕೊಂಡವು. ಐದನೆಯ ದಿನ ನೀರೆಲ್ಲ ಇಳಿದ ಮೇಲೆ ಅವಳು ತೂಗಿದ್ದು ನಲವತ್ತಾರೂ ಮೂರು. ಅವಳ ಹೆಬ್ಬೆರಳು ನೂರು ಗ್ರಾಂ ತಪ್ಪಿತ್ತು.

ನಿಯಮದಂತೆ ನಡೆಯದಿದ್ದಾಗ ತುಂಬುವ ನಮೂನೆಯನ್ನು ಡಾಕ್ಟರ್ ವಿಬೋಲ್ ನನ್ನ ಮುಂದಿಟ್ಟರು. "ಕಾರಣ ಏನು ಬರೀತೀಯ? ರೋಗಿಯ ತಪ್ಪು ತಿಳುವಳಿಕೆ ಅಂತಲಾ?"

"ಅವರು ತಪ್ಪು ತಿಳಿದಿಲ್ಲ ಸರ್. ನಾನು ಹೇಳಿದ್ದನ್ನೇ ಮಾಡಿದಾರೆ."

'ಹೆಚ್ಚಿದ ತೂಕ ನಿಮ್ಮದಲ್ಲ, ನೀರಿನದು ಎಂದು ದಾದಿ ಹೇಳಿದ್ದರಿಂದ' ಎಂದು ಬರೆದು ಸಹಿ ಹಾಕಿದೆ. ಡಾಕ್ಟರ್ ಓದಿ, ಉಳಿದ ಐವತ್ತೈದು ಜನಕ್ಕೂ ನಾನು ಅದೇ ವಾಕ್ಯ ಹೇಳಿದ್ದೆನಾ ಎಂದಷ್ಟೇ ಕೇಳಿದರು. ಹೇಳಿದ್ದೆ. ಒಂದು ವಾರ ಅವರವರ ಮನೆಗೆ ಹೋಗಿ ಆ ವಾಕ್ಯ ಹಿಂದಕ್ಕೆ ತೆಗೆದುಕೊಂಡೆ.

ಸವೂನಜ್ಜಿಯನ್ನು ಮನೆಗೆ ಬಿಡಲು ಹೋದಾಗ ಹೇಳಿದೆ: "ಅಜ್ಜಿ, ಇನ್ಮೇಲೆ ನೀರೂ ನೀವೇ. ಸೇರಿಸೇ ಹೇಳಿ."

"ಹಂಗಿದ್ರೆ ಎರಡೂ ಬರ್ಕೋ" ಎಂದಳು. "ಒಟ್ಟು ಒಂದ್ಕಡೆ, ವಜಾ ಒಂದ್ಕಡೆ. ವಜಾ ಹೇಳದ ತೂಕ ನನ್ನ ಬಾಯಲ್ಲಿ ಬರಲ್ಲ."

ನಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದುಕೊಂಡೆ.

ನವೆಂಬರಿನಲ್ಲಿ, ಮಳೆಗಾಲವೆಲ್ಲ ಸರೋವರದೊಳಕ್ಕೆ ಹರಿದು ಬಂದ ನದಿ ಹೊರಕ್ಕೆ ತಿರುಗಿತು. ಸರೋವರ ಸದ್ದಿಲ್ಲದೆ ಖಾಲಿಯಾಗತೊಡಗಿತು. ಮರಗಳ ಕುತ್ತಿಗೆ ಕಂಡಿತು, ಆಮೇಲೆ ಭುಜ. ಪ್ರತಿ ಬೆಳಿಗ್ಗೆ ಅವಳ ದನಿ ಬರುತ್ತಿತ್ತು. "ಒಟ್ಟು ನಲವತ್ತೇಳೂ ಒಂದು, ನೀರು ಎಂಟ್ನೂರು ಗ್ರಾಂ." ಒಂದು ದಿನ ನೀರು ಒಂದೂವರೆ ಕಿಲೋಗೆ ಹಾರಿತು.

"ಪ್ರಹೋಕ್ ತಿಂದ್ರಾ?" ಎಂದೆ. ಮೀನಿಗೆ ಉಪ್ಪು ತುಂಬಿ ಹುದುಗಿಸಿದ ಅದನ್ನು ಅವಳಿಗೆ ಪೂರ್ತಿ ನಿಲ್ಲಿಸಿದ್ದೆವು.

"ಫಲ್ಲಾ ಮಾಡಿದ್ಲು. ಮಗಳು ಬಡಿಸಿದ್ದನ್ನ ಬೇಡ ಅನ್ನೋಕಾಗತ್ತಾ?"

ಹಿಂದಿನಿಂದ ಫಲ್ಲಾ ಕೂಗಿದಳು: "ಮಡಕೆಗೆ ಬೆರಳು ಹಾಕಿ ಕದ್ದವಳು ಅವಳೇ, ಬರ್ಕೋ!"

ಮಾತ್ರೆ ಹೆಚ್ಚಿಸಿದೆವು. ಇಳಿಯಿತು. ದೋಣಿ ಕಳಿಸಬೇಕಾಗಿ ಬರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಬೆಳ್ಳಿಯ ಸಣ್ಣ ಮೀನುಗಳು ನದಿಗೆ ಇಳಿಯುವ ಕಾಲದಲ್ಲಿ, ಅವಳ ಕರೆ ಏಳೂವರೆ ದಾಟಿ ಬಂತು. ನಾನು ಆಗಲೇ ಎರಡು ಸಲ ಗಡಿಯಾರ ನೋಡಿದ್ದೆ. ಹಿಂದೆ ಬಹಳ ಜನರ ಗದ್ದಲ, ಬುಟ್ಟಿಗಳ ಸದ್ದು. ಅವಳು ಮನೆಯಲ್ಲಿರಲಿಲ್ಲ, ತೆಪ್ಪದ ಮೇಲಿದ್ದಳು.

"ಒಟ್ಟು ನಲವತ್ತಾರೂ ಎರಡು" ಎಂದಳು, ಒಂದೇ ಉಸಿರಿಗೆ.

ನಾನು ಕಣ್ಣು ಮುಚ್ಚಿ ಕಾದೆ. ಹಲಗೆಯ ಕೆಳಗೆ ನೀರು ತಟ್ಟುತ್ತಿತ್ತು. ಅವಳು ಕಾಲು ಒತ್ತಿ ನೋಡುತ್ತಿರಬೇಕು.

"ಇವತ್ತು ವಜಾ ಇಲ್ಲ ಕಣೇ."

ಕರೆ ಕಡಿಯುವುದನ್ನು ಅವಳು ಮರೆತಳು. ಫೋನು ಎಲ್ಲೋ ಪಕ್ಕದಲ್ಲಿಟ್ಟು, ಯಾರದೋ ಬುಟ್ಟಿಯ ತೂಕವನ್ನು ಗಟ್ಟಿಯಾಗಿ ಕೂಗತೊಡಗಿದಳು. ಪಟ್ಟಿಯಲ್ಲಿ ಇನ್ನೂ ಇಬ್ಬರು ಬಾಕಿ ಇದ್ದರು. ನಾನು ಸ್ವಲ್ಪ ಹೊತ್ತು ಕೇಳುತ್ತಲೇ ಕೂತೆ.